ಓಣಿಯ ಒಂದು ಬೇವಿನ ಮರ, ದಿನಕ್ಕೆ ಹತ್ತು ನಿಮಿಷ

ಪರಿಸರ ಉಳಿಸಬೇಕು ಎಂದು ಎಲ್ಲರೂ ಹೇಳುತ್ತೇವೆ. ನಿಮ್ಮ ಓಣಿಯಲ್ಲಿ ಯಾವ ಯಾವ ಮರ ಇವೆ ಎಂದು ಕೇಳಿದರೆ ಮಾತ್ರ ತಡವರಿಸುತ್ತೇವೆ. ಗುರುತೇ ಇಲ್ಲದ ಮರವನ್ನು ಯಾರಾದರೂ ಕಡಿದರೆ ನಮಗೆ ತಿಳಿಯುವುದೂ ಇಲ್ಲ. ಹಾಗಾಗಿ ಹೊಸ ಸಸಿ ನೆಡುವ ಮೊದಲು, ಇರುವುದನ್ನು ದಿನಾ ನೋಡುವ ರೂಢಿ ಮಾಡಿಕೊಳ್ಳಿ. ಕಲಬುರಗಿಯಂಥ ಬಿಸಿಲೂರಿನಲ್ಲೂ ನೋಡಲು ಬೇಕಾದಷ್ಟಿದೆ.

ಮೊದಲು ಒಂದು ಮರ ಆರಿಸಿಕೊಳ್ಳಿ. ದೂರದ್ದು ಬೇಡ. ಹಾಲು ತರುವ ದಾರಿಯಲ್ಲೋ, ಮಕ್ಕಳನ್ನು ಶಾಲೆಗೆ ಬಿಡುವ ತಿರುವಿನಲ್ಲೋ ಇದ್ದರೆ ಸಾಕು. ನಮ್ಮ ಕಡೆ ಬೇವು ಜಾಸ್ತಿ, ಅದನ್ನೇ ಹಿಡಿಯಿರಿ. ಬಿಸಿಲೇರುವ ಮುಂಚೆ ಹತ್ತು ನಿಮಿಷ, ಮೊಬೈಲ್ ಜೇಬಿನಲ್ಲಿಟ್ಟು, ಸುಮ್ನೆ ನಿಂತು ನೋಡಿ.

ಏನು ನೋಡುವುದು? ಫೆಬ್ರುವರಿ, ಮಾರ್ಚ್‌ನಲ್ಲಿ ಹಳೆಯ ಎಲೆ ಹಳದಿಯಾಗಿ ಉದುರುತ್ತದೆ. ಅದರ ಬೆನ್ನಿಗೇ ಕೆಂಪು ಛಾಯೆಯ ಚಿಗುರು ಬರುತ್ತದೆ. ಯುಗಾದಿ ಹೊತ್ತಿಗೆ ಸಣ್ಣ ಬಿಳಿ ಹೂವು. ಹಬ್ಬದ ಬೇವಿಗೆ ಹೂ ಬಿಡಿಸುವಾಗ ಒಮ್ಮೆ ಮೂಸಿ ನೋಡಿ, ಎಲೆಯ ಕಹಿಗೂ ಆ ಘಮಕ್ಕೂ ಸಂಬಂಧವೇ ಇಲ್ಲ. ಮಳೆ ಶುರುವಾಗುವ ಹೊತ್ತಿಗೆ ಹಣ್ಣು ಹಳದಿಗೆ ತಿರುಗುತ್ತದೆ. ಗೊರವಂಕ, ಪಿಕಳಾರ, ಕಾಗೆ ಎಲ್ಲವೂ ಬರುತ್ತವೆ. ತಿರುಳು ತಿಂದು ಬೀಜವನ್ನು ಅಲ್ಲಲ್ಲಿ ಬೀಳಿಸುತ್ತವೆ. ಹೊಲದ ಬದುವಿನಲ್ಲಿ ಯಾರೂ ನೆಡದ ಬೇವು ಬೆಳೆದಿರುತ್ತದಲ್ಲ, ಅದರ ಹಿಂದೆ ಈ ಹಕ್ಕಿಗಳೇ ಇರುತ್ತವೆ.

ಮಳೆಗಾಲ ಮುಗಿಯುತ್ತಾ ಬಂದಾಗ ಕೊಂಬೆಗಳ ತುದಿ ಗಮನಿಸಿ. ಈಚಿನ ವರ್ಷಗಳಲ್ಲಿ ಬೇವಿಗೆ ತುದಿ ಒಣಗುವ ರೋಗ ಕಾಣಿಸುತ್ತಿದೆ. ಶಿಲೀಂಧ್ರ ಅದಕ್ಕೆ ಕಾರಣ, ರಸ ಹೀರುವ ತಿಗಣೆಯೂ ಜೊತೆಗೂಡುತ್ತದೆ. ಎಲೆಯೆಲ್ಲ ಕಂದಾಗಿ ಮರ ಸತ್ತೇ ಹೋಯಿತು ಅನಿಸುತ್ತದೆ. ಆದರೆ ಸಾಮಾನ್ಯವಾಗಿ ಬೇಸಿಗೆಯಲ್ಲಿ ಅದೇ ಮರ ಮತ್ತೆ ಚಿಗುರುತ್ತದೆ. ಹೋದ ವರ್ಷವೂ ನೋಡಿದವರಿಗೆ ಇದು ಗೊತ್ತಿರುತ್ತದೆ. ನೋಡದವರು ಕೊಡಲಿ ತರುತ್ತಾರೆ. ದಿನಾ ನೋಡಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಕಂಡದ್ದನ್ನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಒಂದೇ ಸಾಲು ಬರೆಯಿರಿ. ಮಕ್ಕಳಿದ್ದರೆ ಅವರ ಕೈಯಲ್ಲೇ ಬರೆಸಿ. ಏಪ್ರಿಲ್, ಮೇನಲ್ಲಿ ನೆರಳಿರುವ ಕಡೆ ಅಗಲವಾದ ಮಣ್ಣಿನ ಪಾತ್ರೆಯಲ್ಲಿ ನೀರಿಡಿ. ದಿನಾ ತೊಳೆದು ನೀರು ಬದಲಿಸಿ, ಇಲ್ಲವಾದರೆ ಸೊಳ್ಳೆ ಮೊಟ್ಟೆ ಇಡುತ್ತದೆ.

ಕಣ್ಣು ಪಳಗಿದ ಮೇಲೆ ಊರಾಚೆ ಹೋಗಿ. ಚಳಿಗಾಲದಲ್ಲಿ ತೊಗರಿ ಹೊಲದ ಪಕ್ಕದ ತಂತಿಯ ಮೇಲೆ ಮಂಕಾಗಿ ಕೂತ ಹಕ್ಕಿ ಹಾರಿದ ಕೂಡಲೇ ನೀಲಿ ರೆಕ್ಕೆ ತೆರೆದರೆ ಅದು ನೀಲಕಂಠ, ನಮ್ಮ ರಾಜ್ಯದ ಹಕ್ಕಿ. ಯಾದಗಿರಿ ಕಡೆಯವರಿಗೆ ಸುರಪುರ ಹತ್ತಿರದ ಬೋನಾಳ ಕೆರೆಯಿದೆ, ಹಿಮಾಲಯದಾಚೆಯಿಂದ ಪಟ್ಟೆ ತಲೆಯ ಹೆಬ್ಬಾತು ಬರುತ್ತದೆ. ಬೀದರ್ ಸುತ್ತಿನ ಹುಲ್ಲುಗಾವಲಿನಲ್ಲಿ ಕೃಷ್ಣಮೃಗ ಕಾಣಬಹುದು. 2011ರಲ್ಲಿ ವನ್ಯಧಾಮವಾದ ಚಿಂಚೋಳಿ ಕಾಡು ನಮ್ಮ ಜಿಲ್ಲೆಯಲ್ಲೇ ಇದೆ.

ಇಷ್ಟಾದ ಮೇಲೆ ನಿಮ್ಮ ಮರದ ಬುಡ ನೋಡಿ. ಕಾಂಡಕ್ಕೆ ಮೊಳೆ ಹೊಡೆದು ಬೋರ್ಡ್ ನೇತುಹಾಕಿದ್ದಾರಾ? ಹಾಕಿದವರ ಹತ್ತಿರ ಮಾತಾಡಿ, ತೆಗೆಸಿ. ಕಾಂಡದವರೆಗೂ ಸಿಮೆಂಟ್ ಬಂದಿದ್ದರೆ ಬೇರಿಗೆ ನೀರು ಇಳಿಯುವುದಿಲ್ಲ. ಓಣಿಯವರ ಸಹಿ ಹಾಕಿಸಿ, ಬುಡದ ಸುತ್ತ ಮಣ್ಣು ಬಿಡಿಸಿಕೊಡಿ ಎಂದು ಪಾಲಿಕೆಗೆ ಅರ್ಜಿ ಕೊಡಿ. ರಸ್ತೆ ಕೆಲಸ ಶುರುವಾಗುವ ಮುಂಚೆಯೇ ಕೇಳಿದರೆ ಇನ್ನೂ ಒಳ್ಳೆಯದು. ಯಾರಾದರೂ ಗರಗಸ ಹಿಡಿದು ಬಂದರೆ ಅನುಮತಿ ಪತ್ರ ತೋರಿಸಿ ಎನ್ನಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ, ಮರ ಕಡಿಯಲು ವೃಕ್ಷಾಧಿಕಾರಿಯ ಒಪ್ಪಿಗೆ ಬೇಕು. ಪತ್ರ ಇಲ್ಲದಿದ್ದರೆ ಅಲ್ಲೇ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಿ. ನಿಮ್ಮ ನೋಟ್‌ಬುಕ್ಕನ್ನೂ ತೋರಿಸಿ. ಆ ಮರ ಬದುಕಿದೆ, ಚಿಗುರುತ್ತಿದೆ ಎನ್ನುವುದು ಅದರಲ್ಲಿ ತಾರೀಕಿನ ಸಮೇತ ಇರುತ್ತದೆ.