ನೆರಳಿಂದ ಕಪ್ಪು ತೆಗೆದೆ, ಮುಖಕ್ಕೆ ಕಳೆ ಬಂತು

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವ ಅಜ್ಜಿಯೊಬ್ಬರ ಚಿತ್ರವನ್ನು ಟ್ಯಾಬ್‌ನಲ್ಲಿ ಬಿಡಿಸುತ್ತಿದ್ದೆ. ಮೂರು ದಿನ ಒದ್ದಾಡಿದರೂ ಮುಖ ಮಸಿ ಮೆತ್ತಿದ ಹಾಗೇ ಕಾಣುತ್ತಿತ್ತು. ಬ್ರಷ್ ಬದಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ.

ತಪ್ಪು ಗೊತ್ತಾಗಿದ್ದು ಜಗನ್ಮೋಹನ ಅರಮನೆಯಲ್ಲಿ. ಅಲ್ಲಿ ಕಲಾವಿದ ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಜಲವರ್ಣ ಚಿತ್ರ ಇದೆಯಲ್ವಾ, ಅದರ ಮುಂದೆ ತುಂಬಾ ಹೊತ್ತು ನಿಂತೆ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳನ್ನು ನೋಡಿ. ಬೆಳಕು ತೂರಿ ಕೆಂಪಗೆ ಹೊಳೆಯುತ್ತವೆ. ನಾನೋ, ನೆರಳಿಗೆಲ್ಲ ಸುಮ್ನೆ ಕಪ್ಪು ಸವರುತ್ತಿದ್ದೆ.

ಮನೆಗೆ ಬಂದು ನೆರಳಿನ ಲೇಯರ್, ಅಂದರೆ ನೆರಳನ್ನು ಬೇರೆಯಾಗಿ ಬಿಡಿಸಿದ್ದ ಪದರವನ್ನು ಪೂರ್ತಿ ಅಳಿಸಿದೆ. ಹೊಸ ಲೇಯರನ್ನು ಮಲ್ಟಿಪ್ಲೈ ಎಂಬ ಬಣ್ಣ ಬೆರೆಸುವ ಆಯ್ಕೆಗೆ ಹಾಕಿ, ಮುಖಕ್ಕೆ ತಿಳಿ ಇಟ್ಟಿಗೆ ಕೆಂಪು, ಮಲ್ಲಿಗೆ ಮೊಗ್ಗಿಗೆ ತಿಳಿ ನೇರಳೆ ಬಳಿದೆ. ಮಲ್ಟಿಪ್ಲೈ ಕೆಳಗಿನ ಬಣ್ಣವನ್ನು ಮುಚ್ಚುವುದಿಲ್ಲ, ಗಾಢ ಮಾಡುತ್ತದೆ ಅಷ್ಟೆ. ಹಾಗಾಗಿ ಮೈಬಣ್ಣ ಒಳಗಿಂದ ಉಳಿಯಿತು. ಕೆನ್ನೆಯ ತಿರುವಿನಲ್ಲಿ ನೆರಳಿನ ಅಂಚನ್ನು ಮೆದು ಮಾಡಿದೆ. ಮೂಗಿನ ಕೆಳಗೆ ಗಟ್ಟಿ ಅಂಚನ್ನೇ ಬಿಟ್ಟೆ. ಎಲ್ಲ ಕಡೆ ಮೆದು ಮಾಡಿದರೆ ಮುಖ ಬಲೂನಿನ ಥರ ಊದಿಕೊಳ್ಳುತ್ತದೆ.

ಇನ್ನು ಇಂಕಿಂಗ್, ಅಂದರೆ ಚಿತ್ರದ ಗೆರೆ ಎಳೆಯುವ ಕೆಲಸ. ಎಲ್ಲ ಕಡೆ ಒಂದೇ ದಪ್ಪದ ಕಪ್ಪು ಗೆರೆ ಇತ್ತು. ಈಗಾಗಲೇ ಬಿಡಿಸಿದ ಕಡೆ ಮಾತ್ರ ಬಣ್ಣ ಹತ್ತುವಂತೆ ಮಾಡುವ ಆಲ್ಫಾ ಲಾಕ್ ಹಾಕಿ, ಬೆಳಕು ಬೀಳುವ ಕಡೆಯ ಗೆರೆಗೆ ಕಂದು ಕೊಟ್ಟೆ. ಗಲ್ಲದ ಕೆಳಗೆ, ಬುಟ್ಟಿ ನೆಲಕ್ಕೆ ತಾಗುವಲ್ಲಿ ಮಾತ್ರ ಗೆರೆ ಜಾಸ್ತಿ ದಪ್ಪ. ಮೊಗ್ಗುಗಳ ಸುತ್ತ ಅಲ್ಲಲ್ಲಿ ಗೆರೆಯನ್ನೇ ಅಳಿಸಿದೆ. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಅದೇ. ಸುತ್ತಲೂ ಗೆರೆ ಬಿಗಿದಾಗ ಮೊಗ್ಗು ಕಲ್ಲಿನ ಹಾಗಿತ್ತು.

ಈಗ ಅಜ್ಜಿಯ ಬೆರಳ ಸಂದಿಯ ಬಾಳೆನಾರು ಕೂಡ ಕಾಣುತ್ತಿದೆ.