ಹಳೆಯ ಡೆಸ್ಕ್‌ಟಾಪ್, ಲಿನಕ್ಸ್ ಮಿಂಟ್ ಮತ್ತು ಎಲ್ಲೂ ಓಡದ ವಿಡಿಯೊಗಳು: ನನ್ನ ಅನುಭವ

ವಿಂಡೋಸ್ ಇಲ್ಲದೆ ಮದುವೆ ವಿಡಿಯೊ ಕೆಲಸ ಆಗಲ್ಲ ಅಂತ ಹಾಸನದಲ್ಲಿ ಈ ಕಸುಬಿನವರು ಬಹುತೇಕ ಎಲ್ಲರೂ ಹೇಳುತ್ತಿದ್ದರು. ಈಗ ಅವರ ಮೆಷಿನ್‌ನಲ್ಲಿ ತೆರೆಯದ ಫೈಲುಗಳು ಪೆನ್‌ಡ್ರೈವ್‌ನಲ್ಲಿ ನಮ್ಮ ಅಂಗಡಿಗೇ ಬರುತ್ತವೆ. ವಿಸಿಡಿ, ಡಿವಿಡಿ, ಹ್ಯಾಂಡಿಕ್ಯಾಮ್ ಟೇಪಿನಿಂದ ಇಳಿಸಿದ್ದು, ವಿಂಡೋಸ್ ಮೀಡಿಯಾ, ರಿಯಲ್ ಮೀಡಿಯಾ, ಸಿಸಿಟಿವಿ, ಐಫೋನ್, ಎಲ್ಲವೂ ವಿಂಡೋಸ್ ಬದಲಿಗೆ ಉಚಿತ ಲಿನಕ್ಸ್ ಮಿಂಟ್ ಹಾಕಿದ ಒಂದೇ ಹಳೆ ಡೆಸ್ಕ್‌ಟಾಪ್‌ನಲ್ಲಿ ಓಡುತ್ತಿವೆ. ಆಷಾಢದಲ್ಲಿ ಮದುವೆ ಇರಲ್ಲ, ಆಗ ಅಂಗಡಿ ಬಾಡಿಗೆ ಹುಟ್ಟುವುದು ಈ ಕೆಲಸದಿಂದಲೇ.

ಮೊದಲು ದುಡ್ಡಿನ ಮಾತು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕಂಪನಿಗಳು ಮಾರಿದ ಐ5 ಏಳನೇ ಜನರೇಷನ್ ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್ ಸಮೇತ ನಾವು ತಂದಾಗ ಹೆಚ್ಚುಕಮ್ಮಿ 10 ಸಾವಿರ ಬಿದ್ದಿತ್ತು. ಎಸ್‌ಎಸ್‌ಡಿಗೆ ಸಾವಿರದ ಐನೂರರ ಸುಮಾರು, ಡಿವಿಡಿ ಡ್ರೈವ್ ಎರಡಕ್ಕೆ ಸಾವಿರದ ಆಸುಪಾಸು ಆಗಿತ್ತು. ಎರಡು ಡ್ರೈವ್ ಬೇಕೇ ಬೇಕು, ಒಂದು ಓದದ ಡಿಸ್ಕನ್ನು ಇನ್ನೊಂದು ಬ್ರಾಂಡಿನ ಡ್ರೈವ್ ಎಷ್ಟೋ ಸಲ ಓದುತ್ತದೆ. ಏಳನೇ ಜನರೇಷನ್ನೇ ಯಾಕೆ? ಇಂಟೆಲ್‌ನ ನಾಲ್ಕನೇ ಜನರೇಷನ್ ಗ್ರಾಫಿಕ್ಸ್, ವಿಡಿಯೊ ಕುಗ್ಗಿಸುವ ಹಳೆ ವಿಧಾನವಾದ ಎಚ್.264ರವರೆಗೆ ಮಾತ್ರ ಬಿಚ್ಚುತ್ತದೆ. ಆರನೆಯದು ಹೊಸ ವಿಧಾನವಾದ ಎಚ್‌ಇವಿಸಿ (ಎಚ್.265) 8 ಬಿಟ್ ಬಣ್ಣದಲ್ಲಿದ್ದರೆ ಬಿಚ್ಚುತ್ತದೆ, ಬಣ್ಣ ಇನ್ನೂ ಸೂಕ್ಷ್ಮವಾಗಿರುವ 10 ಬಿಟ್ ಬೇಕೆಂದರೆ ಏಳು. ಹಳೆ ಮೆಷಿನ್‌ಗೆ ಜಿಟಿ 710 ಕಾರ್ಡ್ ಸಿಕ್ಕಿಸಿದರೆ ಸಾಕು ಅಂತ ಹೇಳುವವರಿದ್ದಾರೆ. ಆ ಕಾರ್ಡ್ ಎಚ್‌ಇವಿಸಿ ಮುಟ್ಟುವುದೇ ಇಲ್ಲ, ಕೊಟ್ಟ ದುಡ್ಡು ಹೋದ ಹಾಗೆ. ಜಿಟಿ 1030 ಬಿಚ್ಚುತ್ತದೆ, ಆದರೆ ಅದರಲ್ಲಿ ವಿಡಿಯೊ ಕುಗ್ಗಿಸಿ ಬರೆಯುವ ಎನ್ಕೋಡರ್ ಇಲ್ಲ.

ಕೋಡೆಕ್ (ವಿಡಿಯೊ ಕುಗ್ಗಿಸಿ, ಬಿಚ್ಚುವ ತಂತ್ರಾಂಶ) ಹಾಕುವುದು ನಿಮಗೆ ಗೊತ್ತಿದ್ದದ್ದೇ. ಸಿಕ್ಕಿಹಾಕಿಕೊಳ್ಳುವ ಜಾಗಗಳನ್ನು ಮಾತ್ರ ಹೇಳುತ್ತೇನೆ. ಉಬುಂಟು ಲಿನಕ್ಸ್‌ನಲ್ಲಿ ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್ ಎಂಬ ಕೋಡೆಕ್ ಕಟ್ಟು ಹಾಕುವಾಗ ಮೈಕ್ರೋಸಾಫ್ಟ್ ಫಾಂಟ್‌ಗಳ ಒಪ್ಪಂದದ ಪುಟ ಬರುತ್ತದೆ, ಅಲ್ಲಿ ಮೌಸ್ ಕೆಲಸ ಮಾಡಲ್ಲ. ಟ್ಯಾಬ್ ಒತ್ತಿ, ಎಂಟರ್ ಒತ್ತಿ. ಇದು ತಿಳಿಯದೆ ಟರ್ಮಿನಲ್ ಮುಚ್ಚಿದವರ ಮೆಷಿನ್‌ನಲ್ಲಿ ಅರ್ಧ ಇನ್‌ಸ್ಟಾಲ್ ಆದ ಪ್ಯಾಕೇಜು ಉಳಿದು ಮುಂದಿನದ್ದೆಲ್ಲ ನಿಲ್ಲುತ್ತದೆ. ಕಾಪಿ ಆಗದ ಹಾಗೆ ಬೀಗ ಹಾಕಿದ ಡಿವಿಡಿಗೆ ಲಿಬ್‌ಡಿವಿಡಿ-ಪಿಕೆಜಿ ಪ್ಯಾಕೇಜು ಹಾಕಿದರೆ ಸಾಲದು, ಅದಕ್ಕೆ ಡಿಪಿಕೆಜಿ-ರೀಕಾನ್ಫಿಗರ್ ಆಜ್ಞೆ ಕೊಟ್ಟಾಗಲೇ ಅಸಲಿ ಲೈಬ್ರರಿ ಇಳಿದು ಕಂಪೈಲ್ ಆಗುವುದು. ಫೆಡೋರಾ ಲಿನಕ್ಸ್‌ನವರು 2022ರಿಂದ ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರದ ಫ್ರೀವರ್ಲ್ಡ್ ಮೆಸಾ ಗ್ರಾಫಿಕ್ಸ್ ಡ್ರೈವರ್ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಎಎಮ್‌ಡಿ ಗ್ರಾಫಿಕ್ಸ್‌ನಲ್ಲಿ ಎಚ್.264ಕ್ಕೂ ಹಾರ್ಡ್‌ವೇರ್ ನೆರವು ಸಿಗಲ್ಲ. ವಿಂಡೋಸ್‌ನ ಕೋಡೆಕ್ ಫೈಲುಗಳಾದ ಡಿಎಲ್‌ಎಲ್‌ಗಳನ್ನು ತಂದು ವಿನ್32 ಫೋಲ್ಡರಿಗೆ ಸುರಿಯಿರಿ ಎನ್ನುವ ಸಲಹೆ ಇನ್ನೂ ಓಡಾಡುತ್ತಿದೆ. ಅದು 32 ಬಿಟ್ ಕಾಲದ್ದು. ಡಬ್ಲ್ಯುಎಂವಿ (ವಿಂಡೋಸ್ ಮೀಡಿಯಾ), ರಿಯಲ್ ವಿಡಿಯೊ ಎರಡನ್ನೂ ಎಫ್‌ಎಫ್‌ಎಂಪೆಗ್ ಎಂಬ ಉಚಿತ ವಿಡಿಯೊ ತಂತ್ರಾಂಶ ಈಗ ತಾನಾಗೇ ಬಿಚ್ಚುತ್ತದೆ.

ಫೈಲಿನ ಹೆಸರಿನ ಕೊನೆಯಲ್ಲಿ ಏನಿದೆ ಅಂತ ನಂಬಲೇಬೇಡಿ. ಎಫ್‌ಎಫ್‌ಎಂಪೆಗ್ ಜತೆ ಬರುವ ಎಫ್‌ಎಫ್‌ಪ್ರೋಬ್ ಓಡಿಸಿ, ಒಳಗಿರುವ ವಿಡಿಯೊ ಯಾವುದು, ಆಡಿಯೊ ಯಾವುದು, ಎರಡನ್ನೂ ಕಟ್ಟಿಡುವ ಡಬ್ಬಿ (ಎಂಪಿ4, ಎಂಕೆವಿಯಂಥದ್ದು) ಯಾವುದು ಅಂತ ಮೂರನ್ನೂ ಬರೆದಿಟ್ಟುಕೊಳ್ಳಿ. 'ಓಡಲ್ಲ' ಎಂದು ಬಂದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ವಿಡಿಯೊ ಚೆನ್ನಾಗೇ ಇರುತ್ತದೆ, ಡಬ್ಬಿಯದ್ದು ಮಾತ್ರ ತಕರಾರು. ಮತ್ತೆ ಎನ್ಕೋಡ್ ಮಾಡದೆ ಬೇರೆ ಡಬ್ಬಿಗೆ ಕಾಪಿ ಮಾಡಿದರೆ ಒಂದು ಗಂಟೆಯ ಫೈಲು ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ, ಗುಣಮಟ್ಟವೂ ಇಳಿಯಲ್ಲ.

ಸಿಸಿಟಿವಿ ಇದಕ್ಕೆ ಒಳ್ಳೆ ಉದಾಹರಣೆ. ಸಿಸಿಟಿವಿ ರೆಕಾರ್ಡರುಗಳ ಡಿಎವಿ ಫೈಲುಗಳನ್ನು ಎಫ್‌ಎಫ್‌ಎಂಪೆಗ್ 4.2ರಿಂದ ನೇರವಾಗಿ ಓದುತ್ತದೆ. ಬರೀ 264 ಅಂತ ಮುಗಿಯುವ ಹಸಿ ಫೈಲಿನಲ್ಲಿ ಸಮಯದ ಗುರುತೇ ಇರಲ್ಲ. ಪ್ಲೇಯರ್ ಸೆಕೆಂಡಿಗೆ 25 ಫ್ರೇಮ್ ಅಂದುಕೊಂಡು ಓಡಿಸುತ್ತದೆ, ಡಿವಿಆರ್ (ಸಿಸಿಟಿವಿ ರೆಕಾರ್ಡರ್) ದಾಖಲಿಸಿದ್ದು 12 ಆಗಿದ್ದರೆ ಜನ ಓಡಿದ ಹಾಗೆ ಕಾಣುತ್ತಾರೆ. ಚಿತ್ರದ ಮೂಲೆಯಲ್ಲಿನ ಗಡಿಯಾರ ನೋಡಿ, ಒಂದು ನಿಮಿಷಕ್ಕೆ ಎಷ್ಟು ಫ್ರೇಮ್ ಅಂತ ಎಣಿಸಿ, 60ರಿಂದ ಭಾಗಿಸಿ ಬಂದ ಸಂಖ್ಯೆಯನ್ನು ಎಫ್‌ಎಫ್‌ಎಂಪೆಗ್ ಆಜ್ಞೆಯಲ್ಲಿ ಇನ್‌ಪುಟ್ ಫೈಲಿನ ಹೆಸರಿಗೆ ಮುಂಚೆ ಕೊಡಿ. ಇನ್‌ಪುಟ್‌ನ ನಂತರ ಕೊಟ್ಟರೆ ಕೆಲಸಕ್ಕೆ ಬರಲ್ಲ. ಆಡಿಯೊ ಎ-ಲಾ ಎಂಬ ಮಾದರಿಯದ್ದಾಗಿದ್ದರೆ ಎಂಪಿ4 ಡಬ್ಬಿ ತೆಗೆದುಕೊಳ್ಳುವುದಿಲ್ಲ, ಎಂಕೆವಿಗೆ ಹಾಕಿ. ಸಾಕ್ಷಿಗೆ ಬೇಕಾದ ಫೈಲಾದರೆ ಮೂಲ ಪ್ರತಿಯನ್ನು ಮುಟ್ಟದೆ ಹಾಗೇ ಎತ್ತಿಡಿ.

ಮಲೆನಾಡಿನ ಡಿಸ್ಕ್‌ಗಳದ್ದು ಬೇರೆಯದೇ ಕಥೆ. ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬರುವ ಹಳೆ ಮದುವೆ ವಿಸಿಡಿಗಳ ಮೇಲೆ ಬೂಷ್ಟು ಕೂತಿರುತ್ತದೆ. ಉಗುರುಬೆಚ್ಚನೆ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಒರೆಸಿದರೆ ಬೀಳುವ ಗೀರು ಟ್ರ್ಯಾಕಿನ ಉದ್ದಕ್ಕೂ ಬೀಳುತ್ತದೆ. ಅಡ್ಡ ಗೀರನ್ನು ಡ್ರೈವ್ ಸರಿದೂಗಿಸಿಕೊಳ್ಳುತ್ತದೆ, ಉದ್ದದ ಗೀರನ್ನು ಆಗಲ್ಲ. ಮೇಲಿನ ಬೆಳ್ಳಿ ಪದರವೇ ತೂತಾಗಿದ್ದರೆ ಆ ಭಾಗದ ಆಸೆ ಬಿಡಿ.

ವಿಸಿಡಿಯಲ್ಲಿ ವಿಡಿಯೊ ಇರುವ ಡ್ಯಾಟ್ ಫೈಲನ್ನು ಫೋಲ್ಡರಿಂದ ಎಳೆದು ಹಾಕಿದರೆ ಲಿನಕ್ಸ್‌ನಲ್ಲಿ ಇನ್‌ಪುಟ್/ಔಟ್‌ಪುಟ್ ಎರರ್ ಬರುತ್ತದೆ. ಲಿನಕ್ಸ್‌ಗೆ ವಿಸಿಡಿ ಬರಲ್ಲ ಎನ್ನುವ ಮಾತು ಹುಟ್ಟಿದ್ದೇ ಇಲ್ಲಿ. ವಿಡಿಯೊ ಇರುವ ಸೆಕ್ಟರ್‌ಗಳು (ಡಿಸ್ಕಿನ ತುಣುಕುಗಳು) 2324 ಬೈಟಿನವು, ಮಾಮೂಲಿ ಡೇಟಾ ಸೆಕ್ಟರ್ 2048 ಬೈಟಿನದು. ಹಾಗಾಗಿ ಮಾಮೂಲಿ ಕಾಪಿ ಎಡವುತ್ತದೆ, ಕೆಟ್ಟ ಡಿಸ್ಕಿನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ ಕೂಡ. ವಿಸಿಡಿಇಮೇಜರ್ ಪ್ಯಾಕೇಜಿನ ವಿಸಿಡಿಎಕ್ಸ್‌ರಿಪ್ ಬಳಸಿ. ಕೆಟ್ಟ ಡಿಸ್ಕಾದರೆ ಮೊದಲು ಸಿಡಿಆರ್‌ಡಿಎಒ ಎಂಬ ತಂತ್ರಾಂಶದಿಂದ ರಾ ಮೋಡ್‌ನಲ್ಲಿ ಬಿನ್ ಫೈಲ್ (ಡಿಸ್ಕಿನ ಪೂರ್ತಿ ನಕಲು) ತೆಗೆದು, ಅದನ್ನು ವಿಸಿಡಿಎಕ್ಸ್‌ರಿಪ್‌ಗೆ ಕೊಡಿ. ಡ್ರೈವ್ ವೇಗವನ್ನು 4ಎಕ್ಸ್‌ಗೆ ಇಳಿಸಿದರೆ ಓದುವ ಸಾಧ್ಯತೆ ಹೆಚ್ಚು. ಅದರಲ್ಲೂ ಓದದಿದ್ದಾಗ ನಾವು ಮಾಡುವ ಒಂದು ಕೈಚಳಕ ಇದೆ, ಅದು ಅಂಗಡಿಯಲ್ಲೇ ಇರಲಿ. ಡಿವಿಡಿಗಾದರೆ ಡಿಡಿರೆಸ್ಕ್ಯೂನೇ ಸರಿ. ಮೊದಲ ಸುತ್ತು ಕೆಟ್ಟ ಜಾಗಗಳನ್ನು ಕೆರೆಯದೆ, ಎರಡನೇ ಸುತ್ತು ಮೂರು ಮರುಪ್ರಯತ್ನದೊಂದಿಗೆ. ಮ್ಯಾಪ್ ಫೈಲ್ (ಯಾವ ಭಾಗ ಓದಿ ಆಗಿದೆ ಎಂಬ ದಾಖಲೆ) ಒಂದೇ ಇಟ್ಟುಕೊಂಡು ಎರಡನೇ ಡ್ರೈವ್‌ನಲ್ಲಿ ಮುಂದುವರಿಸಬಹುದು.

ಹಳೆ ವಿಸಿಡಿ 352×288. ಅದನ್ನು ಎಲ್‌ಇಡಿ ಪರದೆಗೆ ತುಂಬಿಸಿ ಎಂದು ಕೇಳುವವರು ತುಂಬಾ ಜನ. ತುಂಬಿಸಿದರೆ ಮನೆಮಂದಿಯೆಲ್ಲ ದಪ್ಪ ಕಾಣುತ್ತಾರೆ, 4:3 ಉಳಿಸಿ ಎರಡು ಕಡೆ ಕಪ್ಪು ಪಟ್ಟಿ ಬಿಡುವುದೇ ಸರಿ. ಹ್ಯಾಂಡಿಕ್ಯಾಮಿನ ಎಂಒಡಿ ಫೈಲುಗಳಲ್ಲಿ ತೊಂದರೆ ತಿರುಗುಮುರುಗು. 16:9ರಲ್ಲಿ ತೆಗೆದದ್ದು 4:3 ಅಂತ ತೆರೆದುಕೊಂಡು ಎಲ್ಲರೂ ಸಪೂರ ಆಗುತ್ತಾರೆ, ಅನುಪಾತವನ್ನು ಕೈಯಿಂದಲೇ ಕೊಡಬೇಕು. ಕೈ ಬೀಸಿದಾಗ ಬಾಚಣಿಗೆ ಗೆರೆ ಕಂಡರೆ ಅದು ಇಂಟರ್ಲೇಸ್, ಅಂದರೆ ಒಂದೊಂದು ಫ್ರೇಮನ್ನು ಗೆರೆ ಬಿಟ್ಟು ಗೆರೆಯ ಎರಡು ಫೀಲ್ಡ್‌ಗಳಾಗಿ ಬರೆದದ್ದು: ಎಫ್‌ಎಫ್‌ಎಂಪೆಗ್‌ನ ಬಿಡಬ್ಲ್ಯುಡಿಐಎಫ್ ಫಿಲ್ಟರ್ ಹಾಕಿ 50 ಫ್ರೇಮ್‌ಗೆ ತನ್ನಿ. ಡಿವಿ ಟೇಪಿನದ್ದು ಕೆಳ ಫೀಲ್ಡ್ ಮೊದಲು, ಎವಿಸಿಎಚ್‌ಡಿ ಕ್ಯಾಮೆರಾಗಳದ್ದು ಸಾಮಾನ್ಯವಾಗಿ ಮೇಲಿನದು ಮೊದಲು. ಅದಲುಬದಲಾದರೆ ಚಿತ್ರ ಜಗ್ಗಾಡುತ್ತದೆ.

ಹೊಸ ಐಫೋನ್‌ಗಳ ಫೈಲುಗಳು ಸಾಮಾನ್ಯವಾಗಿ 10 ಬಿಟ್ ಎಚ್‌ಇವಿಸಿ, ಮೇಲೆ ಎಚ್‌ಡಿಆರ್ (ಬೆಳಕು, ಬಣ್ಣ ಹೆಚ್ಚು ಹಿಡಿಯುವ ವಿಧಾನ). ಎಂಪಿವಿ ಎಂಬ ಪ್ಲೇಯರಿನ ಕಾನ್ಫಿಗ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಹಾಕಿ, ಓಡುವಾಗ 'ಐ' ಕೀಲಿ ಒತ್ತಿದರೆ ನಿಜಕ್ಕೂ ವಿಎ-ಎಪಿಐ (ಗ್ರಾಫಿಕ್ಸ್ ಚಿಪ್ಪಿನ ನೆರವು) ಓಡುತ್ತಿದೆಯೇ ಅಂತ ಕಾಣುತ್ತದೆ. 4ಕೆ ಫೈಲಿಗೆ ಪ್ರೊಸೆಸರ್ ಪೂರ್ತಿ ಬಿಸಿಯಾಗಿ ಫ್ರೇಮ್ ಬೀಳುತ್ತಿದ್ದದ್ದು, ಇದಾದ ಮೇಲೆ ಶೇ 15ರ ಆಸುಪಾಸಿನಲ್ಲೇ ಓಡುತ್ತದೆ. ಬಿಡಬ್ಲ್ಯುಡಿಐಎಫ್‌ನಂಥ ಫಿಲ್ಟರ್ ಜತೆಗೆ ಬೇಕಾದರೆ 'ಕಾಪಿ' ಸೇರಿದ ಆಯ್ಕೆ ಕೊಡಿ, ಇಲ್ಲದಿದ್ದರೆ ಫಿಲ್ಟರ್‌ಗೆ ಫ್ರೇಮೇ ಸಿಗಲ್ಲ. ಎಚ್‌ಡಿಆರ್ ಅನ್ನು ಸಾಮಾನ್ಯ ವಿಡಿಯೊಗೆ ಇಳಿಸದೆ ಕೊಟ್ಟರೆ ಮಂಟಪದ ಪರದೆಯಲ್ಲಿ ಕನಕಾಂಬರ ಹೂವೂ ಬೂದಿ ಬಣ್ಣ. ಹಾಗೆ ಇಳಿಸುವ ಟೋನ್‌ಮ್ಯಾಪ್ ಫಿಲ್ಟರಿಗೆ ನಾವು ಕೊಡುವ ಸಂಖ್ಯೆಗಳನ್ನು ಇಲ್ಲಿ ಬರೆಯಲ್ಲ. ರೇಷ್ಮೆ ಸೀರೆಯ ಕೆಂಪು ಸರಿ ಬರುವವರೆಗೆ ನೀವೇ ತಿರುಗಿಸಿ ನೋಡಿ. ಗಿರಾಕಿಯ ಐಫೋನ್‌ಗೆ ಎಚ್‌ಇವಿಸಿ ವಾಪಸ್ ಕೊಡುವುದಾದರೆ ಟ್ಯಾಗ್ ಎಚ್‌ವಿಸಿ1 ಇರಲಿ. ಎಚ್‌ಇವಿ1 ಇದ್ದರೆ ಅದರ ಸ್ವಂತ ಪ್ಲೇಯರ್ ತೆರೆಯುವುದಿಲ್ಲ. ಫೋನ್ ವಿಡಿಯೊಗಳ ಫ್ರೇಮ್ ದರ ಏರಿಳಿಯುತ್ತದೆ. ಎಡಿಟಿಂಗ್ ತಂತ್ರಾಂಶ ಕೆಡೆನ್‌ಲೈವ್‌ಗೆ ಹಾಕುವ ಮುಂಚೆ ಒಂದೇ ದರಕ್ಕೆ ತನ್ನಿ, ಇಲ್ಲವಾದರೆ ಮಾಂಗಲ್ಯಧಾರಣೆಗೆ ಬರುವ ಹೊತ್ತಿಗೆ ಗಟ್ಟಿಮೇಳದ ಸದ್ದು ಹಿಂದೆ ಬಿದ್ದಿರುತ್ತದೆ.

ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತೆ ಅಂತ ಹೇಳಕ್ಕಾಗಲ್ಲ. ಎಂಪಿ4ಕ್ಕೆ ನೇರ ಎನ್ಕೋಡ್ ಆಗುವಾಗ ಹೋದರೆ ಸೂಚಿಯೇ ಬರೆದಿರಲ್ಲ, ಮೂರು ಗಂಟೆಯ ಕೆಲಸ ಕಸ. ಎಂಕೆವಿಗೆ ಬರೆಸಿ, ಮುಗಿದ ಮೇಲೆ ಎಂಪಿ4ಕ್ಕೆ ಕಾಪಿ ಮಾಡಿ. ಕರೆಂಟು ಹೋದರೂ ಎಂಕೆವಿ ಅಲ್ಲಿವರೆಗಿನದ್ದು ಓಡುತ್ತದೆ. ಕ್ಯಾಮೆರಾದ ಬ್ಯಾಟರಿ ಸತ್ತು ಎಂಪಿ4 ಕೆಟ್ಟಿದ್ದರೆ ಅನ್‌ಟ್ರಂಕ್ ಎಂಬ ದುರಸ್ತಿ ತಂತ್ರಾಂಶ ಇದೆ, ಅದೇ ಕ್ಯಾಮೆರಾ, ಅದೇ ಸೆಟ್ಟಿಂಗ್‌ನ ಇನ್ನೊಂದು ಒಳ್ಳೆ ಫೈಲು ಜತೆಗೆ ಕೊಡಬೇಕು.

ಒಂದು ಪಕ್ಕದ ಪ್ರಯೋಗ. ಹಳೆ ವಿಡಿಯೊ ಮೇಲೆ ನೆಂಟರ ಹೆಸರು ಕನ್ನಡದಲ್ಲಿ ಕೂರಿಸಲು ಎಫ್‌ಎಫ್‌ಎಂಪೆಗ್‌ನ ಡ್ರಾಟೆಕ್ಸ್ಟ್ ಫಿಲ್ಟರ್ ಬಳಸಿದರೆ 6.1ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಒತ್ತಕ್ಷರ ಒಡೆಯುತ್ತದೆ, ಪುಟ್ಟಸ್ವಾಮಿ ಚೂರುಚೂರು. ಅದೇ ಹೆಸರುಗಳನ್ನು ಸಬ್‌ಟೈಟಲ್ ಫೈಲಿನಲ್ಲಿ ಯುನಿಕೋಡ್‌ನಲ್ಲಿ ಬರೆದು ಸಬ್‌ಟೈಟಲ್ ಫಿಲ್ಟರ್‌ನಿಂದ ಚಿತ್ರದ ಮೇಲೇ ಅಚ್ಚೊತ್ತಿದರೆ ಒತ್ತು, ದೀರ್ಘ ಎಲ್ಲ ಸರಿ ಕೂರುತ್ತವೆ. ಫಾಂಟು ಗುಬ್ಬಿ ಅಥವಾ ನವಿಲು, ಎರಡೂ ಡೆಬಿಯನ್ ಲಿನಕ್ಸ್‌ನ ಪ್ಯಾಕೇಜಿನಲ್ಲೇ ಇವೆ. ನುಡಿ ತಂತ್ರಾಂಶದ ಹಳೆ ಆಸ್ಕಿ (ಯುನಿಕೋಡ್ ಅಲ್ಲದ) ಅಕ್ಷರ ಪರಿವರ್ತಿಸದೆ ಹಾಕಬೇಡಿ.

ಈ ಮೆಷಿನ್ ಸೋಲುವುದು ಎರಡು ಕಡೆ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳ, ಬಣ್ಣದ ವಿವರ ಹೆಚ್ಚಿರುವ 4:2:2 10 ಬಿಟ್ ಫೈಲಿಗೆ ಏಳನೇ ಜನರೇಷನ್‌ನಲ್ಲಿ ಹಾರ್ಡ್‌ವೇರ್ ನೆರವು ಇಲ್ಲ. ಎಚ್.265 ಆದರೆ ಇಂಟೆಲ್ ಡೆಸ್ಕ್‌ಟಾಪ್‌ಗಳಲ್ಲಿ ಹನ್ನೊಂದನೇ ಜನರೇಷನ್ ಬೇಕು. ಅದಕ್ಕೆ ನಾವು ರಾತ್ರಿ ಪ್ರಾಕ್ಸಿ (ಎಡಿಟ್‌ಗೆ ಹಗುರವಾದ ಪ್ರತಿ) ಮಾಡಲು ಬಿಟ್ಟು ಬೆಳಗ್ಗೆ ಎಡಿಟ್‌ಗೆ ಕೂರುತ್ತೇವೆ. ಪ್ರಾಕ್ಸಿಗೆ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಕೋಡೆಕ್ ಬಳಸಿದರೆ 1080ರಲ್ಲಿ ಗಂಟೆಗೆ ಸುಮಾರು 16 ಜಿಬಿ. ಇನ್ನೊಂದು, ಕೆಲವು ಡಿವಿಆರ್‌ಗಳು ಪಾಸ್‌ವರ್ಡ್ ಹಾಕಿ ಬರೆಯುವ ಫೈಲು. ಅದನ್ನು ಎಫ್‌ಎಫ್‌ಎಂಪೆಗ್ ಬಿಚ್ಚಲ್ಲ, ಡಿವಿಆರ್ ಜತೆ ಬಂದ ಪ್ಲೇಯರನ್ನು ವೈನ್‌ನಲ್ಲಿ (ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವಂಥದ್ದು) ಓಡಿಸಿ, ಅದರೊಳಗಿಂದಲೇ ಎವಿಐಗೆ ಎಕ್ಸ್‌ಪೋರ್ಟ್ ಮಾಡಬೇಕು. ಅದಕ್ಕೆ ನಾವು 200 ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತೇವೆ.