ಸ್ಪ್ರೆಡ್‌ಶೀಟ್ ಕಲಿಯುವ ಬಗೆ, ಶಾಲೆ ಅದನ್ನು ಕಲಿಸಬೇಕಾದ ಬಗೆ

ಸ್ಪ್ರೆಡ್‌ಶೀಟ್ (ಸಾಲು, ಕಾಲಮ್ಮುಗಳ ಚೌಕಗಳಲ್ಲಿ ಲೆಕ್ಕ ಮಾಡುವ ಎಕ್ಸೆಲ್‌ನಂಥ ತಂತ್ರಾಂಶ) ಕಲಿಯಲು ಹೊರಟವರು ಸಾಮಾನ್ಯವಾಗಿ ಮೆನುಗಳನ್ನು ಒಂದೊಂದಾಗಿ ತೆರೆದು ನೋಡುತ್ತಾ ಕೂರುತ್ತಾರೆ. ಅದರಿಂದ ಗುಂಡಿಗಳ ಹೆಸರು ಬಾಯಿಪಾಠವಾಗುತ್ತದೆ, ಕೆಲಸ ಬರುವುದಿಲ್ಲ. ಮೊದಲು ಒಂದು ನಿಜವಾದ ಲೆಕ್ಕ ಹಿಡಿಯಿರಿ. ತರಗತಿಯ ಪುಸ್ತಕದ ಕಪಾಟಿನಿಂದ ಯಾರು ಯಾವ ಪುಸ್ತಕ ಒಯ್ದರು, ಯಾವಾಗ ತಂದುಕೊಟ್ಟರು ಎನ್ನುವುದೇ ಸಾಕು. ಸುಮಾರು 30 ಸಾಲು ಇರಲಿ. ಹತ್ತೇ ಸಾಲಿದ್ದರೆ ತಪ್ಪು ಕಣ್ಣಿಗೇ ಬೀಳುತ್ತದೆ, ಸೂತ್ರದ ಅಗತ್ಯವೇ ಕಾಣುವುದಿಲ್ಲ. ನೂರಾದರೆ ಟೈಪ್ ಮಾಡುವುದರಲ್ಲೇ ಉತ್ಸಾಹ ಇಂಗುತ್ತದೆ.

ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ಚೌಕ ಎಳೆದು ಮೊದಲ ಸಾಲಿನಲ್ಲಿ ತಲೆಬರಹ ಬರೆಯಿರಿ. ಎ ಕಾಲಮ್ಮಿಗೆ ಪುಸ್ತಕದ ಸಂಖ್ಯೆ, ಬಿ ಒಯ್ದವರು, ಸಿ ಒಯ್ದ ದಿನ, ಡಿ ತಂದ ದಿನ, ಇ ಒಟ್ಟು ದಿನ, ಎಫ್ ತಡವಾದ ದಿನ. ಒಂದು ಸಾಲಿಗೆ ಒಂದೇ ವ್ಯವಹಾರ, ಒಂದು ಸೆಲ್ಲಿಗೆ, ಅಂದರೆ ಒಂದು ಚೌಕಕ್ಕೆ, ಒಂದೇ ಸಂಗತಿ. ‘12 ದಿನ’ ಎಂದು ಒಂದೇ ಸೆಲ್ಲಿನಲ್ಲಿ ಬರೆದರೆ ಅದು ಅಂಕಿಯಾಗಿ ಉಳಿಯುವುದಿಲ್ಲ, ಬರೀ ಪಠ್ಯವಾಗುತ್ತದೆ. ಕೂಡಿಸುವಾಗ ಸಮ್ ಸೂತ್ರ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಅಂದಕ್ಕೆಂದು ಸೆಲ್‌ಗಳನ್ನು ಬೆಸೆಯಬೇಡಿ, ನಡುವೆ ಖಾಲಿ ಸಾಲು ಬಿಡಬೇಡಿ. ಎರಡೂ ಮುಂದೆ ವಿಂಗಡಣೆಯನ್ನು ಕೆಡಿಸುತ್ತವೆ.

ಮಾಹಿತಿ ತುಂಬಿದ ಮೇಲೆ ಒಮ್ಮೆ ಅಂಚುಗಳನ್ನು ನೋಡಿ. ನೀವು ಜೋಡಣೆ ಬದಲಿಸಿಲ್ಲದಿದ್ದರೆ ಅಂಕಿ ಮತ್ತು ದಿನಾಂಕ ಸೆಲ್ಲಿನ ಬಲಕ್ಕೆ ಅಂಟಿರುತ್ತವೆ, ಪಠ್ಯ ಎಡಕ್ಕೆ. ದಿನಾಂಕದ ಕಾಲಮ್ಮಿನಲ್ಲಿ ಕೆಲವು ಎಡಕ್ಕೂ ಕೆಲವು ಬಲಕ್ಕೂ ಇದ್ದರೆ ನಿಮ್ಮ ಕಡತ ತಿಂಗಳನ್ನು ಮೊದಲು ಓದುತ್ತಿದೆ ಎಂದು ಅನುಮಾನಿಸಿ. ಆಗ 13/4 ಅರ್ಥವಾಗದೆ ಪಠ್ಯವಾಗಿ ಉಳಿಯುತ್ತದೆ. ಅದಕ್ಕಿಂತ ಅಪಾಯದ್ದು 4/5: ಮೇ 4 ಹೋಗಿ ಏಪ್ರಿಲ್ 5 ಆಗಿರುತ್ತದೆ, ಎಲ್ಲೂ ದೋಷ ತೋರಿಸುವುದಿಲ್ಲ. ಕಡತದ ಸೆಟ್ಟಿಂಗ್‌ನಲ್ಲಿ (ಎಕ್ಸೆಲ್ ಆದರೆ ಕಂಪ್ಯೂಟರಿನ ಸೆಟ್ಟಿಂಗ್‌ನಲ್ಲಿ) ಪ್ರದೇಶ ಸರಿಮಾಡಿ ಮತ್ತೆ ಟೈಪ್ ಮಾಡುವುದೇ ದಾರಿ. ಪುಸ್ತಕದ ಸಂಖ್ಯೆ 007 ಎಂದಿದ್ದರೆ ಸೊನ್ನೆಗಳು ಮಾಯವಾಗಿ ಬರೀ 7 ಉಳಿಯುತ್ತದೆ. ಟೈಪ್ ಮಾಡುವ ಮೊದಲೇ ಆ ಕಾಲಮ್ಮನ್ನು ಪಠ್ಯ ಎಂದು ಗುರುತಿಸಿ. ಇದನ್ನು ಮಕ್ಕಳಾಟ ಎಂದುಕೊಳ್ಳಬೇಡಿ. ಮಾರ್ಚ್1, ಸೆಪ್ಟ್1 ಮುಂತಾದ ವಂಶವಾಹಿಗಳ, ಅಂದರೆ ಜೀನ್‌ಗಳ ಹೆಸರನ್ನು ಎಕ್ಸೆಲ್ ದಿನಾಂಕವಾಗಿ ತಿರುಗಿಸಿಬಿಡುತ್ತಿತ್ತು. ಕೊನೆಗೆ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಅವನ್ನು ಮಾರ್ಚ್‌ಎಫ್1, ಸೆಪ್ಟಿನ್1 ಎಂದು ಬದಲಿಸಿತು. 2020ರ ಮಾರ್ಗಸೂಚಿಯಲ್ಲಿ ಅದರ ವಿವರಣೆ ಇದೆ.

ಈಗ ಸೂತ್ರ. ಇ2ರಲ್ಲಿ, ಅಂದರೆ ಇ ಕಾಲಮ್ಮಿನ ಎರಡನೆಯ ಸಾಲಿನ ಸೆಲ್ಲಿನಲ್ಲಿ, =ಡಿ2-ಸಿ2 ಬರೆಯಿರಿ (ಸೂತ್ರಗಳನ್ನು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ: =D2-C2). ಎಂಟರ್ ಒತ್ತುವ ಮೊದಲು ಉತ್ತರ ಎಷ್ಟು ಬರಬೇಕೆಂದು ಕಾಗದದ ಮೇಲೆ ಬರೆದಿಡಿ. ಈ ಒಂದು ಅಭ್ಯಾಸ ಹತ್ತು ವಿಡಿಯೊಗಳಿಗಿಂತ ಹೆಚ್ಚು ಕಲಿಸುತ್ತದೆ, ಏಕೆಂದರೆ ನಿರೀಕ್ಷೆ ಇಲ್ಲದವರಿಗೆ ತಪ್ಪು ಉತ್ತರವೂ ಸರಿಯಾಗಿಯೇ ಕಾಣುತ್ತದೆ. ಸೂತ್ರವನ್ನು ಕೆಳಗಿನವರೆಗೆ ಎಳೆಯಿರಿ. ಇನ್ನೂ ತಂದುಕೊಡದ ಪುಸ್ತಕದ ಸಾಲಿನಲ್ಲಿ -45658ರಂಥ ವಿಚಿತ್ರ ಸಂಖ್ಯೆ ಬರುತ್ತದೆ. ಯಂತ್ರ ಕೆಟ್ಟಿಲ್ಲ. ದಿನಾಂಕ ಎಂದರೆ ಒಳಗೆ 1900ರ ಆರಂಭದಿಂದ ಎಣಿಸಿದ ದಿನಗಳ ಲೆಕ್ಕ, 2025ರ ಜನವರಿ 1ಕ್ಕೆ ಆ ಲೆಕ್ಕ 45658. ಖಾಲಿ ಸೆಲ್ ಸೊನ್ನೆಯಾದ್ದರಿಂದ ಸೊನ್ನೆಯಿಂದ ಅದನ್ನು ಕಳೆದಿದೆ, ಅಷ್ಟೆ. =ಇಫ್(ಡಿ2="","",ಡಿ2-ಸಿ2) ಎಂದು ಬರೆದರೆ, ಅಂದರೆ ಡಿ2 ಖಾಲಿ ಇದ್ದರೆ ಉತ್ತರವನ್ನೂ ಖಾಲಿ ಬಿಡು ಎಂದರೆ (ಇಫ್ ಎಂದರೆ IF), ಸರಿಹೋಗುತ್ತದೆ.

ಎಲ್ಲರೂ ಎಡವುವ ಜಾಗ ಮುಂದಿದೆ. ಎಚ್1ರಲ್ಲಿ 14 ಎಂದು ಬರೆಯಿರಿ, ಅದು ಪುಸ್ತಕ ಇಟ್ಟುಕೊಳ್ಳಬಹುದಾದ ದಿನಗಳು. ಎಫ್2ರಲ್ಲಿ =ಮ್ಯಾಕ್ಸ್(0,ಇ2-ಎಚ್1) ಹಾಕಿ ಕೆಳಗೆ ಎಳೆಯಿರಿ; ಮ್ಯಾಕ್ಸ್ (MAX) ಎರಡರಲ್ಲಿ ದೊಡ್ಡದನ್ನು ಕೊಡುತ್ತದೆ. ಮೊದಲ ಸಾಲು ಸರಿ ಇರುತ್ತದೆ. ಎರಡನೆಯ ಸಾಲಿನಲ್ಲಿ ಒಂಬತ್ತೇ ದಿನಕ್ಕೆ ಪುಸ್ತಕ ತಂದವರ ಹೆಸರಿಗೆ ಒಂಬತ್ತು ದಿನ ತಡ! ಎಫ್3ರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ನೋಡಿ: ಇ2 ಇ3 ಆದಂತೆ ಎಚ್1 ಕೂಡ ಎಚ್2 ಆಗಿದೆ, ಅಲ್ಲೇನೂ ಇಲ್ಲ. ಸೂತ್ರ ವಿಳಾಸವನ್ನು ಹಿಡಿದಿಡುವುದಿಲ್ಲ, ‘ನನ್ನಿಂದ ಎಷ್ಟು ದೂರ’ ಎನ್ನುವುದನ್ನು ಹಿಡಿದಿಡುತ್ತದೆ. ಎಚ್1 ಕದಲಬಾರದು ಎಂದರೆ $ಎಚ್$1 ಎಂದು ಬರೆಯಬೇಕು. ಇ ಖಾಲಿ ಇರುವ ಸಾಲುಗಳಲ್ಲಿ ದೋಷದ ಸಂದೇಶ ಬಂದರೆ ಇಲ್ಲಿಗೂ ಅದೇ ಇಫ್ ಹಚ್ಚಿ. ಕಲಿಯುವವರಿಗೆ ಡಾಲರ್ ಚಿಹ್ನೆಯನ್ನು ಮೊದಲೇ ಹೇಳಿಕೊಡಬಾರದು ಎಂದೇ ನಮ್ಮ ಅಭಿಪ್ರಾಯ. ಈ ಸುಳ್ಳು ತಡವನ್ನು ಕಣ್ಣಾರೆ ಕಂಡವರು ಆಮೇಲೆ ಮರೆಯುವುದಿಲ್ಲ.

ವಿಂಗಡಿಸುವಾಗ ಒಂದು ಕಾಲಮ್ಮನ್ನಷ್ಟೇ ಆಯ್ದರೆ ಹೆಸರುಗಳು ಕದಲಿ, ಪುಸ್ತಕಗಳು ಇದ್ದಲ್ಲೇ ಉಳಿಯುವ ಅಪಾಯವಿದೆ. ಕೂಡಲೇ ಕಂಡರೆ ಅನ್‌ಡೂ ಉಳಿಸುತ್ತದೆ. ಮುಚ್ಚಿ ಮರುದಿನ ತೆರೆದರೆ ಯಾರ ಪುಸ್ತಕ ಯಾರದೆಂದು ಬಿಡಿಸುವುದು ಕಷ್ಟ. ಇಡೀ ಪಟ್ಟಿಯನ್ನು ಆಯ್ದೇ ವಿಂಗಡಿಸಿ, ಅದಕ್ಕೂ ಮೊದಲು ಕಡತದ ಪ್ರತಿ ಮಾಡಿಡಿ.

ಮೊತ್ತ ಹಾಕುವಾಗ ಸೂತ್ರದ ವ್ಯಾಪ್ತಿ ಕೊನೆಯ ಸಾಲನ್ನು ಮುಟ್ಟಿದೆಯೇ ನೋಡಿ. ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೋಗೋಫ್ 2010ರಲ್ಲಿ ಸರ್ಕಾರಿ ಸಾಲದ ಬಗ್ಗೆ ಬರೆದ ಹೆಸರಾಂತ ಪ್ರಬಂಧದಲ್ಲಿ 20 ದೇಶಗಳ ಸರಾಸರಿ ತೆಗೆಯುವ ಕಡೆ ಸೂತ್ರ 15ಕ್ಕೇ ನಿಂತಿತ್ತು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಮೂಲ ಕಡತ ತರಿಸಿಕೊಂಡು ನೋಡಿದಾಗ ಇದು ಬಯಲಾಯಿತು. ಪ್ರಬಂಧದಲ್ಲಿ ಬೇರೆ ಆಕ್ಷೇಪಗಳೂ ಇದ್ದವು, ಆದರೆ ಸೆಲ್ ಮೇಲೆ ಕ್ಲಿಕ್ ಮಾಡಿದವರಿಗೆ ಈ ತಪ್ಪು ಅಲ್ಲೇ ಕಾಣುವಂತಿತ್ತು.

ದಿನಕ್ಕೆ 20 ನಿಮಿಷದಂತೆ ಎರಡು ವಾರ ಇದೇ ಕಡತದ ಮೇಲೆ ಕೂರಿ. ವಿಡಿಯೊ ನೋಡಿದರೆ ಅದನ್ನು ಮುಚ್ಚಿ, ಹೊಸ ಖಾಲಿ ಕಡತದಲ್ಲಿ ನೆನಪಿನಿಂದ ಮಾಡಿ. ಸಿಕ್ಕಿಹಾಕಿಕೊಂಡ ಜಾಗವೇ ನಾಳೆಯ ಪಾಠ.

ಶಾಲೆಗಳು ಕಲಿಸಬೇಕಾದದ್ದೂ ಇದೇ ಕ್ರಮದಲ್ಲಿ. ‘ಯಾವ ಮೆನುವಿನಲ್ಲಿ ಯಾವ ಆಯ್ಕೆ ಇದೆ’ ಎಂಬ ಪ್ರಶ್ನೆಗಳನ್ನು ದಯವಿಟ್ಟು ಕೈಬಿಡಿ. 2007ರ ಆವೃತ್ತಿಯಲ್ಲಿ ಎಕ್ಸೆಲ್‌ನ ಹಳೆಯ ಮೆನುಗಳು ಹೋಗಿ ರಿಬ್ಬನ್ ಎಂಬ ಗುಂಡಿಗಳ ಪಟ್ಟಿ ಬಂದಾಗ ಅಂಥ ಉತ್ತರಗಳೆಲ್ಲ ಒಂದೇ ಏಟಿಗೆ ಹಳತಾದವು. ಆದರೆ ಸೆಲ್ಲಿನಲ್ಲಿ ಸೂತ್ರ ಬರೆದು, ಒಂದು ಅಂಕಿ ಬದಲಿಸಿದರೆ ಉಳಿದದ್ದೆಲ್ಲ ತಾನೇ ಬದಲಾಗುವ ಲೆಕ್ಕ 1979ರ ವಿಸಿಕ್ಯಾಲ್ಕ್ ಎಂಬ ಹಳೆಯ ಸ್ಪ್ರೆಡ್‌ಶೀಟಿನಲ್ಲಿ ಹೇಗಿತ್ತೋ ಇಂದೂ ಹಾಗೇ ಇದೆ. ಕಂಪ್ಯೂಟರ್ ಕಡಿಮೆ ಇದ್ದರೆ ಇಬ್ಬರಿಗೊಂದು ಕೊಡಿ: ಒಬ್ಬರು ಟೈಪ್ ಮಾಡಲಿ, ಇನ್ನೊಬ್ಬರು ಉತ್ತರವನ್ನು ಮೊದಲೇ ಊಹಿಸಿ ಬರೆಯಲಿ, 10 ನಿಮಿಷಕ್ಕೊಮ್ಮೆ ಜಾಗ ಬದಲಾಗಲಿ. ಪರೀಕ್ಷೆಗೆ 30 ಸಾಲಿನ ಕಡತವೊಂದರಲ್ಲಿ ಐದು ತಪ್ಪು ಬಚ್ಚಿಡಿ: ತಿರುಗಿದ ದಿನಾಂಕ, ಪಠ್ಯವಾದ ಅಂಕಿ, ಡಾಲರ್ ಇಲ್ಲದ ಸೂತ್ರ, ಅರ್ಧಕ್ಕೇ ನಿಂತ ಮೊತ್ತ, ಎರಡು ಸಲ ಬಂದ ಸಾಲು. ತಪ್ಪು ಹುಡುಕಿದ್ದಕ್ಕೆ ಅರ್ಧ ಅಂಕ, ಅದು ಹೇಗಾಯಿತೆಂದು ಒಂದು ವಾಕ್ಯದಲ್ಲಿ ಬರೆದದ್ದಕ್ಕೆ ಉಳಿದರ್ಧ. ಪ್ರಯೋಗಾಲಯವೇ ಇಲ್ಲದ ಶಾಲೆಯಲ್ಲಿ ಕಡತವನ್ನೂ ಸೂತ್ರಗಳನ್ನೂ ಕಾಗದದ ಮೇಲೆ ಮುದ್ರಿಸಿ ಕೊಟ್ಟರೂ ಈ ಪರೀಕ್ಷೆ ನಡೆಯುತ್ತದೆ.